ಚಾಂಪಿಯನ್ ಆಡಿದ ಆಟಗಳನ್ನು ಓದುವುದು ಹೇಗೆ?

ರಾಷ್ಟ್ರೀಯ ಚಾಂಪಿಯನ್ ಒಬ್ಬರ ಚೆಸ್ ಬದುಕು ಅರ್ಥ ಆಗಬೇಕು ಅಂದ್ರೆ ಪ್ರಶಸ್ತಿಗಳ ಪಟ್ಟಿ ಸಾಲದು. ಅವರ ಆಟಗಳನ್ನು ಬೋರ್ಡಿನ ಮೇಲೆ ಹಾಕಿ ನೋಡಬೇಕು.

ಮ್ಯಾನುಯೆಲ್ ಆರನ್ ಅವರನ್ನೇ ತೆಗೆದುಕೊಳ್ಳಿ. 1959 ಮತ್ತು 1981ರ ನಡುವೆ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್, 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ (ಗ್ರ್ಯಾಂಡ್‌ಮಾಸ್ಟರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಬಿರುದು). ಇದು ಎಲ್ಲಾ ಕಡೆ ಸಿಗುತ್ತದೆ. 1962ರ ಸ್ಟಾಕ್‌ಹೋಮ್ ಇಂಟರ್‌ಜೋನಲ್‌ನಲ್ಲಿ, ಅಂದ್ರೆ ವಿಶ್ವ ಚಾಂಪಿಯನ್‌ಷಿಪ್‌ನ ಅರ್ಹತಾ ಟೂರ್ನಿಯಲ್ಲಿ, ಅವರಿಗೆ ಸಿಕ್ಕಿದ್ದು ಕೊನೇ ಸ್ಥಾನ. ಆದರೆ ಅದೇ ಟೂರ್ನಿಯಲ್ಲಿ ಪೋರ್ಟಿಶ್, ಊಲ್ಮನ್ ಅನ್ನೋ ಇಬ್ಬರು ಗ್ರ್ಯಾಂಡ್‌ಮಾಸ್ಟರ್‌ಗಳನ್ನು ಸೋಲಿಸಿದರು. ಅಂಕಪಟ್ಟಿ ಮಾತ್ರ ನೋಡಿದವರಿಗೆ ಇದು ಕಾಣೋದೇ ಇಲ್ಲ ಅಲ್ವಾ? ಆ ಎರಡು ಆಟಗಳಿಂದಲೇ ಶುರು ಮಾಡಿ.

ಆನ್‌ಲೈನ್ ಡೇಟಾಬೇಸ್‌ನಲ್ಲಿ ಹೆಸರು ಹುಡುಕಿ, ಆಟಗಳನ್ನು ವರ್ಷದ ಪ್ರಕಾರ ಜೋಡಿಸಿಕೊಳ್ಳಿ. ಆನಂದ್ ಥರದವರಾದರೆ ರಾಶಿ ಆಟಗಳಿವೆ, ಎಲ್ಲಾ ನೋಡೋಕೆ ಹೋಗಬೇಡಿ. ಅವರು 1986ರಲ್ಲಿ ರಾಷ್ಟ್ರೀಯ ಚಾಂಪಿಯನ್, 1987ರಲ್ಲಿ ವಿಶ್ವ ಜೂನಿಯರ್ ಚಾಂಪಿಯನ್, 1988ರಲ್ಲಿ ಗ್ರ್ಯಾಂಡ್‌ಮಾಸ್ಟರ್. ಆ ಮೂರು ವರ್ಷದ ಒಂದಿಷ್ಟು ಆಟ ಸಾಕು.

ಮೊದಲ ಹತ್ತು ನಡೆ ಬೇಗ ಮುಗಿಸಿ. ಆಮೇಲೆ ಮುಂದಿನ ನಡೆಗಳನ್ನು ಒಂದು ಕಾಗದದಿಂದ ಮುಚ್ಚಿ, ನಿಮ್ಮ ನಡೆಯನ್ನು ಪಕ್ಕದಲ್ಲಿ ಬರೆದ ಮೇಲೇ ಕಾಗದ ಸರಿಸಿ. ಬರೆಯೋದು ಮುಖ್ಯ, ಇಲ್ಲದಿದ್ರೆ "ನಾನೂ ಅದನ್ನೇ ಅಂದ್ಕೊಂಡಿದ್ದೆ" ಅಂತ ಮನಸ್ಸು ಸುಮ್ನೆ ಸುಳ್ಳು ಹೇಳುತ್ತದೆ. ನಿಮ್ಮ ನಡೆ, ಚಾಂಪಿಯನ್ ನಡೆ ಎರಡೂ ಬೇರೆ ಬಂದ ಕಡೆ ನಿಲ್ಲಿ, ಕಾಯಿಗಳನ್ನು ಆಡಿಸಿ, ನಿಮ್ಮ ನಡೆಗೆ ಎದುರಾಳಿ ಏನು ಮಾಡುತ್ತಿದ್ದರು ಅಂತ ನೋಡಿ. ಇಂಜಿನ್ (ನಡೆಗಳನ್ನು ಲೆಕ್ಕ ಹಾಕೋ ಚೆಸ್ ಪ್ರೋಗ್ರಾಂ) ಕಡೇಗೆ ಹಚ್ಚಿ.

ಗೆದ್ದ ಆಟಗಳಿಗಿಂತ ಸೋತ ಆಟಗಳಿಗೆ ಜಾಸ್ತಿ ಸಮಯ ಕೊಡಿ ಅಂತ ನನ್ನ ಸಲಹೆ. ಕೊನೇ ತಪ್ಪು ಎಲ್ಲರಿಗೂ ಕಾಣುತ್ತದೆ, ಅದಕ್ಕಿಂತ ಎಷ್ಟೋ ನಡೆ ಮೊದಲು ಆಟ ಕೈ ಜಾರಿದ್ದನ್ನು ಹುಡುಕಿ.

ಹಳೇ ಆಟಗಳಲ್ಲಿ ಇನ್ನೊಂದು ವಿಷಯ ಇದೆ. ಆಗ ಆಟ ಐದು ಗಂಟೆ ಮುಟ್ಟಿದರೆ, ಸಾಮಾನ್ಯವಾಗಿ 40ನೇ ನಡೆಯ ಹೊತ್ತಿಗೆ, ನಿಲ್ಲಿಸುತ್ತಿದ್ದರು. ಮುಂದಿನ ನಡೆ ಆಡಬೇಕಾದವರು ತಮ್ಮ ನಡೆಯನ್ನು ಬರೆದು ಲಕೋಟೆಯೊಳಗೆ ಇಟ್ಟು ಹೋಗಬೇಕಿತ್ತು, ಆಟ ಮುಂದುವರಿಯೋವರೆಗೆ ಇಬ್ಬರೂ ಆ ಪೊಸಿಷನ್ ಮೇಲೆ ತಲೆ ಕೆಡಿಸಿಕೊಳ್ಳುತ್ತಿದ್ದರು. ಹಾಗಾಗಿ ಅಲ್ಲಿಂದಾಚೆ ಎಂಡ್‌ಗೇಮ್ (ಕೆಲವೇ ಕಾಯಿ ಉಳಿದ ಕೊನೇ ಹಂತ) ತುಂಬಾ ಶುದ್ಧವಾಗಿ ಕಂಡರೆ, ಅದು ಬೋರ್ಡ್ ಮುಂದೆ ಹೊಳೆದದ್ದೇ ಅಂತ ತಿಳಿಯಬೇಡಿ. ನೀವೂ ಅಲ್ಲೇ ನಿಲ್ಲಿಸಿ, ನಡೆ ಬರೆದಿಟ್ಟು, ಮಾರನೇ ದಿನ ಮುಂದುವರಿಸಿ.