ಹತ್ತೊಂಬತ್ತು ಸಾವಿರದಲ್ಲಿ ಥಾರ್ ಎತ್ತಿದ ಕಥೆ

"ಮುಂದೆ ಪ್ಲೇಟ್ ಇಲ್ಲದ ಗಾಡಿ ಎತ್ತಿದ್ರೆ ಆಕ್ಸಲ್ ಒಂದು ಮಳೆಗಾಲಾನೂ ಬರಲ್ಲ ಗೌಡ್ರೇ." ನಿಟ್ಟೂರಿನಲ್ಲಿ ಚಹಾ ಕುಡಿಯುತ್ತಾ ಒಬ್ಬ ಜೀಪ್ ಡ್ರೈವರ್ ಹೀಗೆ ಹೇಳಿದ್ದ. ಎತ್ತುವುದು ಅಂದರೆ ಗಾಡಿಯ ಬಾಡಿಯನ್ನು ನೆಲದಿಂದ ಇನ್ನಷ್ಟು ಮೇಲಕ್ಕೆ ಕೂರಿಸುವುದು, ಪ್ಲೇಟ್ ಅಂದರೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್, ಆಕ್ಸಲ್ ಅಂದರೆ ಚಕ್ರ ತಿರುಗಿಸುವ ದಂಡ. ಕೊಡಚಾದ್ರಿಗೆ ದಿನಾ ಜನ ಹತ್ತಿಸುವವನು, ಸುಮ್ನೆ ಮಾತಾಡುವವನಲ್ಲ. ಈಗ ಎರಡು ಮಳೆಗಾಲ ಕಳೆದಿದೆ, ಆಕ್ಸಲ್ ಗಟ್ಟಿಯಾಗಿದೆ. ಆದರೆ ಮೊದಲ ಸಲ ಅವನ ಮಾತೇ ನಿಜವಾಗಿತ್ತು.

ನನ್ನದು ಮಹೀಂದ್ರಾದ ಹಳೆಯ ಥಾರ್, ಸಿಆರ್‌ಡಿಇ ಡೀಸೆಲ್. ಮುಂದೆ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು; ಹಿಂದೆ ಪ್ಲೇಟ್. ತೋಟಕ್ಕೆ ಇಳಿಯುವ ದಾರಿಯಲ್ಲಿ ಜಂಬಿಟ್ಟಿಗೆಯ ಒಂದು ಮೆಟ್ಟಿಲಿದೆ, ಪ್ರತಿ ಸಲ ಅಡಿಗೆ ತಾಗುತ್ತಿತ್ತು. ಬೆಂಗಳೂರಿನಲ್ಲಿ ಗಾಡಿ ಎತ್ತುವ ಕಿಟ್ ಕೇಳಿದೆ. ಫಿಟ್ಟಿಂಗ್ ಸೇರಿ ಎಂಬತ್ತು ಸಾವಿರದ ಹತ್ತಿರ ಹೇಳಿದರು. ಕೊಳೆ ರೋಗಕ್ಕೆ ಅರ್ಧ ಅಡಿಕೆ ಉದುರಿದ ವರ್ಷ ಅದು, ಫೋನ್ ಇಟ್ಟುಬಿಟ್ಟೆ.

ಟಾರ್ಷನ್ ಬಾರಿನ ಬೋಲ್ಟ್ ತಿರುಗಿಸಿದರೆ ಗಾಡಿ ಮೇಲೇಳುತ್ತದೆ, ದುಡ್ಡಿಲ್ಲ, ಕಾಸಿಲ್ಲ. ಅದು ಎಲ್ಲರಿಗೂ ಗೊತ್ತು. ನಾನೂ ಅದನ್ನೇ ಮಾಡಿದೆ, ಆದರೆ ಆಸೆಬುರುಕನ ಹಾಗೆ ಬೋಲ್ಟ್ ಮುಗಿಯುವವರೆಗೆ ತಿರುಗಿಸಿದೆ. ಮುಂದೆ ಮೂರಿಂಚು ಎದ್ದಿತು. ನೋಡಲು ಏನು ಗತ್ತು ಅಂತೀರಿ! ಹೊಸನಗರ ತಲುಪುವಷ್ಟರಲ್ಲಿ ಗತ್ತು ಇಳಿಯಿತು. ಗುಂಡಿಗೆ ಚಕ್ರ ಇಳಿದಾಗಲೆಲ್ಲ ಚಕ್ರ ಹಿಡಿದಿರುವ ಮೇಲಿನ ಆರ್ಮ್, ಅದನ್ನು ತಡೆಯುವ ಸ್ಟಾಪರ್‌ಗೆ ಠಣ್ ಅಂತ ಹೊಡೆಯುತ್ತಿತ್ತು, ಯಾಕೆಂದರೆ ಚಕ್ರ ಕೆಳಗೆ ಇಳಿಯಲು ಜಾಗವೇ ಉಳಿದಿರಲಿಲ್ಲ. ಎತ್ತಿನಗಾಡಿ ವಾಸಿ.

ಮೂರೇ ತಿಂಗಳು. ಆಕ್ಸಲ್ ತುದಿಯ ಬಾಗುವ ಕೀಲಿಗೆ (ಸಿವಿ ಜಾಯಿಂಟ್) ಗ್ರೀಸ್ ಹಿಡಿದಿಡುವ ರಬ್ಬರ್ ಚೀಲ, ಅಂದರೆ ಬೂಟ್, ಹರಿಯಿತು. ಚಕ್ರದ ಒಳಮೈಗೆಲ್ಲ ಗ್ರೀಸ್ ಎರಚಿತ್ತು, ನಾನು ಕೆಸರು ಅಂದುಕೊಂಡು ಪೈಪ್ ಹಿಡಿದು ತೊಳೆದೆ, ಮತ್ತೆ ಓಡಿಸಿದೆ. ಒಳಗೆ ಕೆಮ್ಮಣ್ಣು ಹೋಗಿ ತಿರುವಿನಲ್ಲಿ ಟಕಟಕ ಶುರು. ಆಕ್ಸಲ್‌ಗೆ ಒಂಬತ್ತು ಸಾವಿರ ಚಿಲ್ಲರೆ. ಚಕ್ರ ನಿಲ್ಲುವ ಓರೆ (ಕ್ಯಾಂಬರ್) ಹಾಳಾಗಿ ಮುಂದಿನ ಎರಡೂ ಟೈರಿನ ಹೊರಭಾಗ ಬೋಳಾಗಿತ್ತು, ಅದು ಬೇರೆ.

ಗಾಡಿಯ ಹಿಂಭಾಗಕ್ಕೆ ಮಾಡಿದ್ದು ಇನ್ನೊಂದು ದಡ್ಡತನ. ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ, ಅಂದರೆ ಶ್ಯಾಕಲ್, ಲೇತ್‌ನಲ್ಲಿ ಉದ್ದದ್ದು ಮಾಡಿಸಿದೆ, ಸಾವಿರದ ಎಂಟುನೂರು. ಶ್ಯಾಕಲ್ ಎರಡಿಂಚು ಉದ್ದ ಮಾಡಿದರೆ ಗಾಡಿ ಏಳುವುದು ಒಂದೇ ಇಂಚು, ಅದು ಗೊತ್ತಿತ್ತು. ಪ್ರೊಪೆಲ್ಲರ್ ಶಾಫ್ಟ್ ಹಿಂದಿನ ಆಕ್ಸಲ್‌ಗೆ ಸೇರುವ ಪಿನಿಯನ್ ಕೋನ ಬದಲಾಗುತ್ತದೆ ಅನ್ನುವುದು ತಲೆಗೆ ಹೋಗಿರಲಿಲ್ಲ. ಅರವತ್ತರ ವೇಗದಲ್ಲಿ ಎಂಜಿನ್ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಆ ಶಾಫ್ಟ್ ಗುಂಯ್ ಅನ್ನುತ್ತಿತ್ತು. ತಿರುವಿನಲ್ಲಿ ಹಿಂಭಾಗ ಓಲಾಡುತ್ತಿತ್ತು, ಮನೆಯವಳು ಕೂರುವುದನ್ನೇ ಬಿಟ್ಟಳು. ಆ ಶ್ಯಾಕಲ್ ಈಗ ಕೊಟ್ಟಿಗೆ ಬಾಗಿಲಿಗೆ ಅಗುಳಿ.

ಎರಡನೇ ಸಲ ನಿಧಾನಕ್ಕೆ ಹೋದೆ. ನೆಲದಿಂದ ಅಳೆಯಲೇಬೇಡಿ, ಟೈರ್ ಗಾಳಿ ಮೋಸ ಮಾಡುತ್ತದೆ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿಯಿರಿ. ಜ್ಯಾಕ್ ಕೊಟ್ಟು ಭಾರ ತೆಗೆದು ಬೋಲ್ಟಿಗೆ ಸುಣ್ಣದ ಗೆರೆ ಎಳೆದು, ಒಂದೊಂದೇ ಸುತ್ತು. ನನ್ನ ಗಾಡಿಯಲ್ಲಿ ಸುತ್ತಿಗೆ ಐದು ಮಿಲಿಮೀಟರ್ ಹತ್ತಿರ ಬಂತು. ಇಳಿಸಿ ಎರಡು ಕಿಲೋಮೀಟರ್ ಓಡಿಸಿ ಮತ್ತೆ ಅಳತೆ. ಒಂದೂವರೆ ಇಂಚಿಗೆ ನಿಲ್ಲಿಸಿದೆ. ಸ್ಟಾಪರ್ ಮತ್ತು ಆರ್ಮ್ ನಡುವೆ ಎರಡು ಬೆರಳು ಹೋಗಬೇಕು, ನನ್ನ ಲೆಕ್ಕ ಇಷ್ಟೇ. ಹೋಗದಿದ್ದರೆ ಇಳಿಸಿ.

ಆಕ್ಸಲ್ ಉಳಿಸಿದ್ದು ಮಾತ್ರ ಬೇರೆ ಕೆಲಸ. ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಮುಂದಿನ ಡಿಫರೆನ್ಷಿಯಲ್ ಚಾಸಿಗೇ ಕೂತಿರುವುದರಿಂದ ಬಾಡಿ ಎದ್ದರೆ ಅದೂ ಏಳುತ್ತದೆ, ಆಕ್ಸಲ್ ಅಡ್ಡಾದಿಡ್ಡಿ ಓರೆಯಾಗುತ್ತದೆ. ಹಾಗಾಗಿ ಮೌಂಟಿಂಗ್ ಹತ್ತಿರ ಇಪ್ಪತ್ತು ಮಿಲಿಮೀಟರ್ ದಪ್ಪದ ಬಿಲ್ಲೆ (ಸ್ಪೇಸರ್) ಕೊಟ್ಟು ಅದನ್ನು ಕೆಳಗಿಳಿಸಿದೆ. ಬೋಲ್ಟ್ ಗಟ್ಟಿ ಉಕ್ಕಿನ 10.9 ಗ್ರೇಡಿನದ್ದೇ ಹಾಕಿ, ಇಲ್ಲಿ ಜಿಪುಣತನ ಬೇಡ. ಎತ್ತಿದ್ದರಲ್ಲಿ ಅರ್ಧ ಕಳೆದುಕೊಂಡ ಹಾಗಾಯ್ತು ಅಲ್ವಾ ಅಂತ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಇಬ್ಬರು ನಕ್ಕರು. ನಗಲಿ. ಹಿಂದಿನ ಆಕ್ಸಲ್ ಚಕ್ರದ ಜೊತೆಗೇ ಇರುವುದರಿಂದ ಅದು ಹೇಗೂ ಪ್ಲೇಟಿನಿಂದ ಒಂದು ಕೂದಲೆಳೆಯೂ ಏಳುವುದಿಲ್ಲ. ಅದನ್ನು ಎತ್ತುವುದು ಟೈರ್ ಒಂದೇ. 235/70 ತೆಗೆದು 245/75 ಹಾಕಿದಾಗ ಹತ್ತೊಂಬತ್ತು ಮಿಲಿಮೀಟರ್ ಸಿಕ್ಕಿತು. ಸ್ಪೀಡೋಮೀಟರ್ ಈಗ ಸ್ವಲ್ಪ ಕಡಿಮೆ ತೋರಿಸುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರ್ ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುತ್ತಿತ್ತು, ಕತ್ತಿಯಲ್ಲಿ ಕೊಯ್ದು ಹಾಕಿದೆ.

ಗಾಡಿಯ ಹಿಂಭಾಗಕ್ಕೆ ಗುಜರಿಯಿಂದ ಒಂದು ಪ್ಲೇಟ್ ತಂದು ಸೇರಿಸಿ ಹೊಸ ಯು ಬೋಲ್ಟ್ ಬಿಗಿದೆ. ಒಂದಿಂಚಿನ ಮೇಲೆ ಸ್ವಲ್ಪ ಎದ್ದಿತು. ಖಾಲಿ ಗಾಡಿ ಕುಪ್ಪಳಿಸುತ್ತದೆ, ಎರಡು ಮೂಟೆ ಗೊಬ್ಬರ ಹಾಕಿದರೆ ಸರಿ. ಬ್ರೇಕಿನ ರಬ್ಬರ್ ಪೈಪ್ ಮಾತ್ರ ಚಕ್ರ ಪೂರ್ತಿ ಇಳಿಬಿಟ್ಟು ನೋಡಿ. ನನ್ನದು ತಂತಿ ಹಾಗೆ ಬಿಗಿದಿತ್ತು, ಬ್ರಾಕೆಟ್ ಬಗ್ಗಿಸಿ ಸಡಿಲ ಮಾಡಿದೆ.

ಶಾಕ್ ಅಬ್ಸಾರ್ಬರ್ ನಾಲ್ಕೂ ಉದ್ದದವು, ಬೇರೆ ಗಾಡಿಯವು. ಯಾವ ಗಾಡಿ ಅಂತ ಹೇಳುವುದಿಲ್ಲ. ಆರು ಗುಜರಿ ಅಂಗಡಿ ಅಲೆದು ಟೇಪ್ ಹಿಡಿದು ಹುಡುಕಿದ್ದು. ಕೆಳಗಿನ ಬುಷ್‌ಗೆ ಏನು ಮಾಡಿದೆ ಅನ್ನುವುದೂ ನನ್ನಲ್ಲೇ ಇರಲಿ.

ನಡುವೆ ಭಾವನ ಪಿಕಪ್ಪಿನ ಮೇಲೂ ಕೈ ಆಡಿಸಿದೆ. ಅದಕ್ಕೆ ಮುಂದೆ ಕಾಯಿಲ್, ಅದರೊಳಗೇ ಶಾಕ್. ಮೇಲೆ ಹದಿನೈದು ಮಿಲಿಮೀಟರಿನ ಕಬ್ಬಿಣದ ಬಿಲ್ಲೆ ಕೊಟ್ಟರೆ ಚಕ್ರದ ಹತ್ತಿರ ಇಪ್ಪತ್ತೇಳು ಎದ್ದಿತು! ಆರ್ಮಿನ ಮಧ್ಯದಲ್ಲಿ ಶಾಕ್ ಕೂತಿದ್ದರೆ ಹೀಗೆ ಹೆಚ್ಚು ಕಡಿಮೆ ದುಪ್ಪಟ್ಟು ಬರುತ್ತದೆ. ಲಾರಿ ಟೈರ್ ಕೊಯ್ದು ಬಂಪ್ ಸ್ಟಾಪ್, ಅಂದರೆ ಚಕ್ರ ಮೇಲಕ್ಕೆ ಬಡಿಯದಂತೆ ತಡೆಯುವ ರಬ್ಬರ್ ತುಂಡು, ಮಾಡಲೂ ಹೋದೆ, ವಾರದಲ್ಲಿ ಕಿತ್ತು ಹಳ್ಳಕ್ಕೆ ಬಿತ್ತು.

ಲೆಕ್ಕ ಬಾಯಿಗೆ ಬಂದ ಹಾಗೆ ಹೇಳುತ್ತೇನೆ. ಶಾಕ್ ಒಂಬತ್ತು ಸಾವಿರ, ಪ್ಲೇಟ್ ಮತ್ತು ಯು ಬೋಲ್ಟ್ ಮೂರೂವರೆ, ಸ್ಪೇಸರ್ ಸಾವಿರದ ನಾನೂರು, ಬೂಟ್ ಮತ್ತು ಕೂಲಿ ನಾಲ್ಕು, ಅಲೈನ್‌ಮೆಂಟ್ ಎರಡು ಸಲಕ್ಕೆ ಸಾವಿರದ ಇನ್ನೂರು. ಹತ್ತೊಂಬತ್ತು ಸಾವಿರ ಅಂದುಕೊಳ್ಳಿ. ಟೈರ್ ಬೇರೆ, ಕೆಡಿಸಿದ್ದು ಬೇರೆ. ಮೊದಲ ಅಲೈನ್‌ಮೆಂಟಿನವನು ಕಂಪ್ಯೂಟರ್ ನೋಡಿ "ಇದು ಆಗಲ್ಲ ಸಾರ್" ಅಂದು ದುಡ್ಡು ಇಸಕೊಂಡ. ಎರಡನೆಯವನು ಶಿಮ್, ಅಂದರೆ ಸಂದಿಗೆ ಕೊಡುವ ತೆಳು ತಗಡು, ಅತ್ತಿತ್ತ ಮಾಡಿ ಅರ್ಧ ದಿನ ಒದ್ದಾಡಿ ಸರಿ ತಂದ. ಗಾಡಿ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ವಿಮೆಯವರೂ ಅದನ್ನೇ ಹಿಡಿಯಬಹುದು. ಅದು ನಿಮ್ಮ ಜವಾಬ್ದಾರಿ.

ಹೋದ ಪುನರ್ವಸು ಮಳೆಯಲ್ಲಿ ಆ ಜಂಬಿಟ್ಟಿಗೆ ಮೆಟ್ಟಿಲು ತಾಗದೆ ಇಳಿದೆ, ಹತ್ತಿದೆ. ಅದೇ ಜೀಪ್ ಡ್ರೈವರ್ ಮೊನ್ನೆ ನಿಟ್ಟೂರಿನಲ್ಲಿ ಸಿಕ್ಕಿದ. ಒದ್ದೆ ನೆಲ ಅಂತಲೂ ನೋಡದೆ ಗೋಣಿಚೀಲ ಹಾಸಿ ಗಾಡಿ ಅಡಿಗೆ ತೂರಿದ. ಬೂಟ್ ಮುಟ್ಟಿ ನೋಡಿದ, ಸ್ಪೇಸರ್‌ಗೆ ಉಗುರಿನಲ್ಲಿ ಕುಟ್ಟಿದ.

"ಶಾಕ್ ಯಾವ ಗಾಡೀದು ಗೌಡ್ರೇ?"

"ನೀನು ಮೊದಲು ಹೊರಗೆ ಬಾ ಮಾರಾಯ, ಚಹಾ ಆರ್ತಿದೆ" ಅಂದೆ.