41ನೇ ನಂಬರು

ಸರ್ವೆ ಕೆಲಸದಿಂದ ನಿವೃತ್ತನಾದ ವರ್ಷ ಸಕಲೇಶಪುರದ ಹತ್ತಿರದ ನಮ್ಮೂರಿನ ಕ್ರೈಸ್ತ ಸ್ಮಶಾನದ ನಕ್ಷೆ ಮಾಡಲು ಹೊರಟೆ. ಆಗಸ್ಟ್‌ನಲ್ಲಿ ಹೋದದ್ದೇ ಮೊದಲ ತಪ್ಪು. ಆಳೆತ್ತರದ ಲಂಟಾನ, ಕಾಲಿಗೆಲ್ಲ ಇಂಬಳ. ಸುಣ್ಣ, ಹೊಗೆಸೊಪ್ಪು ಬಳಿದುಕೊಂಡರೂ ಮನೆಗೆ ಬಂದು ನೋಡಿದರೆ ಕಾಲ್ಚೀಲ ಕೆಂಪಾಗಿತ್ತು. ಈಗ ಡಿಸೆಂಬರಿನ ಮೊದಲು ಆ ಕಡೆ ತಲೆ ಹಾಕುವುದಿಲ್ಲ.

ಎರಡನೆಯ ತಪ್ಪು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಒಂದು ಕಲ್ಲಿನ ಮೇಲೆ ಕಲ್ಲುಹೂವು ದಪ್ಪಗೆ ಹಿಡಿದಿತ್ತು. ತಂತಿ ಬ್ರಷ್ ಹಾಕಿ ಉಜ್ಜಿದೆ. ಕಲ್ಲುಹೂವಿನ ಜೊತೆಗೆ ಇಸವಿಯ ಕೊನೆಯ ಅಂಕಿಯೂ ಉದುರಿ ಹೋಯಿತು. ನೂರು ಮಳೆಗಾಲ ತಡೆದುಕೊಂಡಿದ್ದನ್ನು ನಾನು ಹತ್ತು ನಿಮಿಷದಲ್ಲಿ ಮುಗಿಸಿದ್ದೆ. ಆಮೇಲೆ ಬರೀ ನೀರು, ಮೆತ್ತನೆಯ ಬ್ರಷ್. ಸೋಪು, ಆ್ಯಸಿಡ್ ಯಾವುದೂ ಬೇಡ. ಓದಲು ಸಂಜೆ ನಾಲ್ಕರ ಓರೆ ಬಿಸಿಲು ಸಾಕು. ಮೋಡವಿದ್ದರೆ ಮುಖ ನೋಡುವ ಕನ್ನಡಿಯಿಂದ ಪಕ್ಕದಿಂದ ಬೆಳಕು ಹಾಯಿಸುತ್ತೇನೆ. ನೇರ ಬೆಳಕಿನಲ್ಲಿ ಬೋಳಾಗಿ ಕಾಣುವ ಕಲ್ಲು ಆಗ ಮಾತಾಡುತ್ತದೆ. ಅಮೃತಶಿಲೆಯ ಗೋರಿಗಳಲ್ಲಿ ಸೀಸದ ಅಕ್ಷರ ಕೂರಿಸಿರುತ್ತಾರೆ. ಅಕ್ಷರ ಬಿದ್ದು ಹೋದರೂ ಅದನ್ನು ಹಿಡಿದಿದ್ದ ಸಣ್ಣ ತೂತುಗಳು ಉಳಿಯುತ್ತವೆ. ಒಂದು ಮಗುವಿನ ಹೆಸರನ್ನು ಆ ತೂತುಗಳನ್ನೇ ಟ್ರೇಸಿಂಗ್ ಕಾಗದದ ಮೇಲೆ ಗುರುತು ಮಾಡಿ, ಚುಕ್ಕಿ ಸೇರಿಸಿ ರಂಗೋಲಿ ಬಿಡಿಸಿದ ಹಾಗೆ ಓದಿದೆ. ಮೂರು ಸಂಜೆ ಬೇಕಾಯಿತು.

ಸಕಲೇಶಪುರದ ಸುತ್ತಿನ ಮಂಜರಾಬಾದ್ ಸೀಮೆಗೆ 1840ರ ದಶಕದಿಂದ ಬಿಳಿಯ ಪ್ಲಾಂಟರುಗಳು ಕಾಫಿ ಹಿಡಿದು ಬಂದರು. ಹಳೆಯ ಗೋರಿಗಳು ಬಹುತೇಕ ಅವರವು, ಅದರಲ್ಲೂ ಮಕ್ಕಳವೇ ಹೆಚ್ಚು. ಅಂಥ ಸಮಾಧಿಗಳ ದಾಖಲೆಯ ಪ್ರತಿಗಳನ್ನು ಪಾದ್ರಿಗಳು ಮದ್ರಾಸಿನ ಮೂಲಕ ಲಂಡನ್ನಿಗೆ ಕಳಿಸುತ್ತಿದ್ದರು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಸಾವಿನ ಕಾರಣದ ಕಾಲಮ್ಮಿನಲ್ಲಿ ಮೇಲಿಂದ ಮೇಲೆ ಸಿಗುವುದು ಒಂದೇ ಪದ: ಜ್ವರ. ಮಲೇರಿಯಾಕ್ಕೆ ಸೊಳ್ಳೆ ಕಾರಣವೆಂದು ರೊನಾಲ್ಡ್ ರಾಸ್ ತೋರಿಸಿದ್ದು 1897ರಲ್ಲಿ. ಅಲ್ಲಿಯವರೆಗೆ ಮಲೆನಾಡಿನ ಗಾಳಿಯೇ ಕೆಟ್ಟದ್ದು ಅಂತ ನಂಬಿಕೆ.

ಇದೇ ಹಾಸನ ಜಿಲ್ಲೆಯ ಶಾಸನಗಳನ್ನು ಶಾಸನ ತಜ್ಞ ಬಿ. ಎಲ್. ರೈಸ್ ಸಾಹೇಬರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನಮಾಲೆಯ ಐದನೇ ಸಂಪುಟದಲ್ಲಿ 1902ರಲ್ಲಿ ಅಚ್ಚು ಹಾಕಿಸಿದರು. ಹೊಲದ ಬದಿಯ ವೀರಗಲ್ಲಿಗೂ ಅದರಲ್ಲಿ ನಂಬರು ಸಿಕ್ಕಿತು. ನಾನು ಆ ಕ್ರಮವನ್ನೇ ಕದ್ದೆ: ಗೇಟಿನಿಂದ ಎಡಕ್ಕೆ ಶುರು, ಪ್ರತಿ ಕಲ್ಲಿಗೊಂದು ನಂಬರು, ಪಕ್ಕದ ಮರದಿಂದ ಟೇಪು ಹಿಡಿದು ಅಳತೆ. ಕಲ್ಲಿಲ್ಲದ ಕಡೆ ‘ಖಾಲಿ’ ಅಂತ ಬರೆದೆ. 41 ಹಾಗೆ ಖಾಲಿಯಾಯಿತು. ಸರ್ವೆಯವನಿಗೆ ಕಲ್ಲು ಕಾಣದಿದ್ದರೆ ಗಡಿಯೇ ಇಲ್ಲ!

ಆ ಮೊದಲ ವರ್ಷದ ನವೆಂಬರ್ 2, ಸತ್ತವರ ಹಬ್ಬ. ಮೇಣದ ಬತ್ತಿ ಹಿಡಿದು ಬಂದ ಅಜ್ಜಿಯೊಬ್ಬರು ನೇರ ನನ್ನ 41ರ ಮೇಲೆ ಕೂತರು.

“ಅಮ್ಮಾ, ಇಲ್ಲಿ ಯಾರೂ ಇಲ್ಲವಲ್ಲ?” ಅಂದೆ.

“ನಮ್ಮ ಅಪ್ಪ ಇದ್ದಾರೆ ಮಾರಾಯ್ರೆ. ಬಂಟ್ವಾಳದಿಂದ ತೋಟಕ್ಕೆ ಬಂದವರು. ಆಗ ಕಲ್ಲಿಗೆ ದುಡ್ಡೆಲ್ಲಿ? ಇಕೊಳ್ಳಿ, ಈ ದಾಸವಾಳವೇ ಗುರುತು.”

ಗಿಡದ ಬುಡ ತೋಳಿನಷ್ಟು ದಪ್ಪವಿತ್ತು. ಟೇಪು ಹಿಡಿಯುವಾಗ ಅಡ್ಡ ಬರುತ್ತದೆ ಅಂತ ಅದರ ಎರಡು ಕೊಂಬೆ ಕಡಿದವನು ನಾನೇ.

ಅವತ್ತಿನಿಂದ ಗುಂಡಿ ತೋಡುವವರನ್ನು ಕರೆದುಕೊಂಡು ನಡೆಯುತ್ತೇನೆ. ಅಪ್ಪನ ಕಾಲದಿಂದ ಅವರದ್ದೇ ಕೆಲಸ. ಹಾರೆ ಎಲ್ಲಿ ಸಲೀಸಾಗಿ ಇಳಿಯುತ್ತದೆ, ಎಲ್ಲಿ ಇಳಿಸಬಾರದು ಅಂತ ಅವರಿಗೆ ಗೊತ್ತು. ಅವರು ಬೆರಳು ತೋರಿಸಿದಲ್ಲಿ ಬಿಳಿ ಬೆಣಚುಕಲ್ಲು ಇಡುತ್ತೇನೆ, ಆಮೇಲೆ ಟೇಪು. ನಕ್ಷೆಯಲ್ಲಿ ‘ಖಾಲಿ’ ಅನ್ನುವ ಪದವನ್ನೇ ತೆಗೆದೆ; ಬದಲಿಗೆ ‘ಕೇಳಬೇಕು’ ಅಂತ ಬರೆದಿದ್ದೇನೆ. ಹಿಂದಿನ ಎರಡು ಸಾಲು ಇನ್ನೂ ಹಾಗೇ ಇವೆ. ಮಳೆ ಬಿಡಲಿ.