ಇಂಗ್ಲೆಂಡಿನಲ್ಲಿ ಕಾರು ಕೊಂಡಿರಾ? ಮೊದಲು ಟೈರು ನೋಡಿ

ಊರಿನಲ್ಲಿ ಪೆಟ್ರೋಲ್ ಬಂಕಿನ ಹುಡುಗನೇ ಟೈರಿಗೆ ಗಾಳಿ ತುಂಬಿ, "ಸಾರ್, ಹಿಂದಿನ ಟೈರು ಹೋಗಿದೆ" ಎಂದು ಎಚ್ಚರಿಸುತ್ತಿದ್ದ. ಇಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಪೆಟ್ರೋಲನ್ನೂ ನಾವೇ ಹಾಕಿಕೊಳ್ಳಬೇಕು, ಗಾಳಿಯನ್ನೂ ನಾವೇ ತುಂಬಿಕೊಳ್ಳಬೇಕು.

"ಎಂಒಟಿ ಆಗಿದೆ" ಎಂದು ನಿಶ್ಚಿಂತರಾಗಬೇಡಿ. ಮೂರು ವರ್ಷ ತುಂಬಿದ ಕಾರಿಗೆ ಪ್ರತಿವರ್ಷ ಕಡ್ಡಾಯವಾದ ತಪಾಸಣೆ ಅದು. ಆ ದಿನ ಕಾರು ಹೇಗಿತ್ತು ಎಂದಷ್ಟೇ ಹೇಳುತ್ತದೆ. ಆಯಿಲ್ ಬದಲಿಸುವ ಸರ್ವಿಸ್ ಬೇರೆ. ಹಳೆಯ ಕಾರು ಕೊಳ್ಳುವ ಮುನ್ನ ಸರ್ಕಾರಿ ಜಾಲತಾಣದಲ್ಲಿ ಅದರ ನಂಬರ್ ಕೊಟ್ಟು ಹಿಂದಿನ ಎಂಒಟಿ ವಿವರಗಳನ್ನು ತೆಗೆಯಿರಿ. "ಅಡ್ವೈಸರಿ" (ಕಾರು ಪಾಸಾದರೂ ಗಮನಿಸಬೇಕಾದ ಲೋಪ) ಎಂದಿರುವ ಸಾಲುಗಳನ್ನು ಬಿಡದೆ ಓದಿ. ನಾನು ಓದಲಿಲ್ಲ. ಹಿಂದಿನ ಎಡ ಟೈರು ಸವೆದಿದೆ ಎಂದು ಅಲ್ಲಿ ಬರೆದೇ ಇತ್ತು. ನವೆಂಬರ್ ಮಳೆಯಲ್ಲಿ, ಮೋಟಾರ್‌ವೇ ಮೇಲೆ ಅದೇ ಟೈರು ಸಿಡಿಯಿತು. ಡಿಕ್ಕಿಯ ತಳ ಎತ್ತಿ ನೋಡಿದರೆ ಸ್ಟೆಪ್ನಿಯೇ ಇಲ್ಲ. ಒಂದು ಬಾಟಲಿ ಅಂಟು, ಒಂದು ಪುಟ್ಟ ಪಂಪು. ಸೀಳಿಹೋದ ಟೈರಿಗೆ ಅಂಟು ಏನು ಮಾಡೀತು? ಮಕ್ಕಳಿಬ್ಬರನ್ನೂ ಅವರಮ್ಮನ ಶಾಲಿನಲ್ಲಿ ಸುತ್ತಿ, ತಡೆಬೇಲಿಯಾಚೆ ನಿಲ್ಲಿಸಿಕೊಂಡು ಒಂದೂವರೆ ಗಂಟೆ ಕಾದೆವು. ನಿಮ್ಮ ಡಿಕ್ಕಿಯನ್ನು ಇಂದೇ ತೆರೆದು ನೋಡಿ.

ಟೈರಿನ ಗ್ರಿಪ್ ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕು. ಇಲ್ಲದಿದ್ದರೆ ಒಂದೊಂದು ಟೈರಿಗೂ 2,500 ಪೌಂಡ್‌ವರೆಗೆ ದಂಡ, ಲೈಸೆನ್ಸಿಗೆ 3 ಪಾಯಿಂಟ್. 20 ಪೆನ್ಸ್ ನಾಣ್ಯವನ್ನು ಗ್ರಿಪ್ಪಿನ ಸಂದಿಯಲ್ಲಿ ನಿಲ್ಲಿಸಿ. ಅದರ ಅಂಚಿನ ಪಟ್ಟಿ ಕಣ್ಣಿಗೆ ಬಿದ್ದರೆ ಗ್ಯಾರೇಜಿಗೆ ಹೋಗಿ. ನಾನಂತೂ 3 ಮಿಲಿಮೀಟರಿಗೇ ಬದಲಿಸುತ್ತೇನೆ. ಸಾವಿರ ಪೌಂಡಿನ ಫೋನಿಗೆ ಹಿಂದೆಮುಂದೆ ನೋಡದವರು ಟೈರಿನ ಮುಂದೆ ಚೌಕಾಸಿಗೆ ನಿಲ್ಲಬಾರದು. ಗಾಳಿ ಎಷ್ಟಿರಬೇಕೆಂಬುದನ್ನು ಚಾಲಕನ ಬಾಗಿಲ ಚೌಕಟ್ಟಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲೋ ಅಂಟಿಸಿರುತ್ತಾರೆ. ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ ಅಳೆಯಿರಿ.

ಉಳಿದವು:
- ದೀಪಗಳು, ಬ್ರೇಕ್ ಒತ್ತಲು ಮನೆಯವರನ್ನು ಕೂರಿಸಿ
- ಎಂಜಿನ್ ಆಯಿಲ್
- ಕೂಲೆಂಟ್, ಬಿಸಿಯಿದ್ದಾಗ ಮುಚ್ಚಳ ತೆರೆಯಬೇಡಿ
- ವೈಪರ್
- ಗಾಜು ತೊಳೆಯುವ ದ್ರವ. ಚಳಿಗಾಲದಲ್ಲಿ ಬರೀ ನೀರು ಹೆಪ್ಪುಗಟ್ಟುತ್ತದೆ

ನಮ್ಮ ಸಂಘದ ಆಯುಧಪೂಜೆಗೆ ಕಾರುಗಳು ಸಾಲಾಗಿ ನಿಂತರೆ ಕಣ್ಣಿಗೆ ಹಬ್ಬ. ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣಿಡಿ. ಆದರೆ ನಂಬರ್ ಪ್ಲೇಟಿನ ಅಕ್ಷರ ಮುಚ್ಚಿದರೆ 1,000 ಪೌಂಡ್‌ವರೆಗೆ ದಂಡವಿದೆ. ಹಾರ ಚಾಲಕನ ನೋಟಕ್ಕೆ ಅಡ್ಡ ಬರಬಾರದು. ನಿಂಬೆಹಣ್ಣಿಡಲು ಹೇಗೂ ಬಗ್ಗುತ್ತೀರಿ, ಆಗಲೇ ನಾಲ್ಕೂ ಟೈರಿನ ಒಳಮೈ ನೋಡಿಬಿಡಿ. ಗಾಳಿ ಅಳೆಯುವ ಮೀಟರುಗಳು ಸಂಘದ ಬಳಿ ಎರಡಿವೆ. ಸಂಕೋಚವಿಲ್ಲದೆ ಕೇಳಿ.